ಶ್ರೀಶೈಲದ ಪಾದಯಾತ್ರೆಯೂ ಫಾಲ್ಗುಣದ ಹವೆಯೂ

ಹೋಳಿ ಹುಣ್ಣಿಮೆ ಸಮೀಪಿಸಿದಂತೆ ನಮ್ಮ ಅಕ್ಕಲಕೋಟ, ಸೊಲ್ಲಾಪುರ ಭಾಗದ ಹಳ್ಳಿಗಳಲ್ಲಿ ಶ್ರೀಶೈಲದ ಪಾದಯಾತ್ರೆಯ ಮಾತು ಆರಂಭವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದನೆಂದು ಪ್ರತೀತಿ. ಇಂದಿಗೂ ಭಕ್ತರು ಕಂಬಿ ಹೊತ್ತು, ಯುಗಾದಿಯ ಹೊತ್ತಿಗೆ ಮುಟ್ಟುವಂತೆ, ಮಹಾರಾಷ್ಟ್ರ, ಕರ್ನಾಟಕ ದಾಟಿ ಆಂಧ್ರದವರೆಗೆ ನಡೆಯುತ್ತಾರೆ.

ಈ ಕಾಲದ ಹವೆ ನಂಬುವಂಥದಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿತೆನ್ನುತ್ತೇವೆ. ಆದರೆ ಮಾರ್ಚ್ ತಿಂಗಳಲ್ಲಿ ಸೊಲ್ಲಾಪುರದ ಮಧ್ಯಾಹ್ನದ ಉಷ್ಣತೆ ಸರಾಸರಿ 37 ಡಿಗ್ರಿಯಾದರೆ, ಬೆಳಗಿನ ಜಾವ ಅದು 20ರ ಆಸುಪಾಸಿಗೆ ಇಳಿಯುತ್ತದೆ. ನಡುವೆ ಒಮ್ಮೆಲೇ ಮೋಡ ಕವಿಯುವುದೂ ಉಂಟು. ಕಾದ ನೆಲದ ಬಿಸಿಗಾಳಿಯು ಸಮುದ್ರದಿಂದ ಬಂದ ತೇವವನ್ನು ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿನ ಶೀತದಲ್ಲಿ ನೀರಹನಿಗಳು ಹೆಪ್ಪುಗಟ್ಟಿ ಆಲಿಕಲ್ಲುಗಳಾಗಿ ಬೀಳುತ್ತವೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದಲ್ಲಿ ಬಿದ್ದ ಆಲಿಕಲ್ಲು ನಮ್ಮ ಜಿಲ್ಲೆಯ ದ್ರಾಕ್ಷಿ, ದಾಳಿಂಬೆಗಳನ್ನು ಹಾಳುಮಾಡಿದ್ದನ್ನು ಹಿರಿಯರು ಮರೆತಿಲ್ಲ. ಆದುದರಿಂದ ಯಾತ್ರಿಕನು ಬಿಸಿಲು, ಥಂಡಿ, ಮಳೆ ಮೂರಕ್ಕೂ ಸಿದ್ಧನಾಗಿರಬೇಕು.

ಮೊದಲು ಬಟ್ಟೆ. ಹಗಲಿಗೆ ಸಡಿಲವಾದ ಹತ್ತಿಯ ಅಂಗಿ, ತಲೆಗೆ ಬಿಳಿ ರುಮಾಲು ಸಾಕು. ರಾತ್ರಿಗೆ ಸೊಲ್ಲಾಪುರದ ಚಾದರ ಬೆಚ್ಚಗಿದ್ದರೂ, ಹತ್ತಿಯದಾದ್ದರಿಂದ ನೆನೆದರೆ ಭಾರವಾಗಿ ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆಯ ಕಂಬಳಿ ನೆನೆದರೂ ಸ್ವಲ್ಪ ಬಿಸುಪನ್ನು ಉಳಿಸಿಕೊಳ್ಳುತ್ತದೆ. ಆಲಿಕಲ್ಲು ಬಿದ್ದಾಗ ಮಡಿಸಿ ತಲೆಯ ಮೇಲೆ ಹಿಡಿಯಲೂ ಬರುತ್ತದೆ. ಜೊತೆಗೊಂದು ಪ್ಲಾಸ್ಟಿಕ್ ಹಾಳೆಯಿರಲಿ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಹುದಿನ ಕೆಡುವುದಿಲ್ಲ. ಆದರೆ ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬಾಯಾರಿಕೆಯಾಗುವ ಮೊದಲೇ ಆಗಾಗ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ಮಜ್ಜಿಗೆ, ಲಿಂಬೆಯ ಪಾನಕ ಒಳ್ಳೆಯವು. ನಸುಕಿನಲ್ಲಿ ಮತ್ತು ಸಂಜೆ ನಡೆದು, ನಡುಹಗಲು ನೆರಳಿನಲ್ಲಿರುವುದು ಜಾಣತನ. ಬರಿಗಾಲಿನವರಿಗೆ ಕಾದ ಡಾಂಬರು ದೊಡ್ಡ ಶತ್ರು.

ಬಿಸಿಲಿನಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತಾಡಿದರೆ, ಮೈ ಕೆಂಡದಂತಾದರೆ, ಅದನ್ನು ಆಯಾಸವೆಂದು ತಳ್ಳಿಹಾಕಬಾರದು. ನೆರಳಿಗೊಯ್ದು, ಮೈಗೆ ನೀರು ಚಿಮುಕಿಸಿ ಗಾಳಿ ಹಾಕುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಸಿಡಿಲಿನ ವಿಷಯದಲ್ಲಿ ನೀವು ವರ್ಗದಲ್ಲಿ ಕಲಿತ ಪಾಠವೇ ಉಪಯೋಗಕ್ಕೆ ಬರುತ್ತದೆ. ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ ಎಂದರ್ಥ. ಕೂಡಲೇ ಪಕ್ಕಾ ಕಟ್ಟಡ ಸೇರಬೇಕು. ಒಂಟಿ ಮರದ ಕೆಳಗೆ ನಿಲ್ಲಲೇಬಾರದು. ಕೊನೆಯ ಗುಡುಗಿನ ನಂತರ ಅರ್ಧ ತಾಸು ಕಾಯ್ದು ಹೊರಡಬೇಕು.

ಕೊನೆಯ ಹಂತ ನಲ್ಲಮಲೆಯ ಕಾಡು. ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು ದಾಟಿ ಕೈಲಾಸದ್ವಾರಕ್ಕೆ ಏರುವ ದಾರಿಯಲ್ಲಿ ಊರಿಲ್ಲ, ಅಂಗಡಿಯ ಭರವಸೆಯಿಲ್ಲ. ಅಲ್ಲಿ ತಂಡ ಬಿಟ್ಟು ಒಬ್ಬರೇ ಮುಂದೆ ಹೋಗಬಾರದು.

ವಿದ್ಯಾರ್ಥಿಗಳೇ, ಆ ದಿನಗಳಲ್ಲಿ ನಿಮಗೆ ಪರೀಕ್ಷೆ. ನಡೆಯುವವರು ನಿಮ್ಮ ಅಜ್ಜ, ಅಮ್ಮ, ಕಾಕಾ. ಅವರ ಗಂಟು ಕಟ್ಟುವಾಗ ಬಳಿಯಲ್ಲಿ ಕುಳಿತು ಕಂಬಳಿ, ಹಾಳೆ, ಉಪ್ಪು, ಅವರ ನಿತ್ಯದ ಗುಳಿಗೆಗಳು ಇವೆಯೇ ಎಂದು ನೋಡಿರಿ. ಮನೆಯ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿಡಿರಿ. ಮಲ್ಲಯ್ಯನ ಮೇಲಿನ ಭರವಸೆಗೆ ಈ ಎಚ್ಚರ ವಿರೋಧವಲ್ಲ. ಹೋದವರೆಲ್ಲರೂ ಸುಖವಾಗಿ ಮರಳಿ ಮನೆ ಸೇರಿದಾಗಲೇ ಯಾತ್ರೆ ಪೂರ್ತಿಯಾಗುತ್ತದೆ.