ಮೂರನೇ ಕಾಲದ ಕೈ

ಕಛೇರಿಯಲ್ಲಿ ತನಿ ಆವರ್ತನ (ತಾಳವಾದ್ಯದವರ ಒಂಟಿ ನುಡಿಸಾಣಿಕೆ) ಮುಗಿಯುವ ಹೊತ್ತಿಗೆ ಮೃದಂಗದವರು ಫರನ್ ಎಂಬ ಓಟದ ಭಾಗ ಹಿಡಿಯುತ್ತಾರೆ. ಬೆರಳು ಕಣ್ಣಿಗೆ ಸಿಗದಷ್ಟು ವೇಗ. ಸಭೆ ಚಪ್ಪಾಳೆಗೆ ಕಾದಿರುತ್ತದೆ. ಮೃದಂಗ ಕಲಿಯುತ್ತಿರುವ ಮಕ್ಕಳು ಮನೆಗೆ ಹೋಗಿ ಮೊದಲು ನುಡಿಸಲು ನೋಡುವುದು ಅದನ್ನೇ. ಕೈ ಕೆಡುವುದೂ ಹೆಚ್ಚಾಗಿ ಅಲ್ಲೇ.

ಸ್ವಲ್ಪ ಲೆಕ್ಕ ಹಾಕೋಣ. ನಿಮಿಷಕ್ಕೆ 60 ಎಣಿಕೆ ಸಾಗುವ ಆದಿತಾಳದಲ್ಲಿ ಎಣಿಕೆಗೊಂದು ‘ತಕಧಿಮಿ’ ಎಂದರೆ ಸೆಕೆಂಡಿಗೆ 4 ಪೆಟ್ಟು. ಅದರ ಮೇಲಿನ, ಅಂದರೆ ಮೂರನೇ ಕಾಲಕ್ಕೆ ಹೋದರೆ 8. ಈ ಎಂಟನ್ನು ಎರಡು ಕೈ ಹಂಚಿಕೊಳ್ಳುತ್ತವೆ. ಬಲಗೈಯೊಳಗೆ ಮತ್ತೆ ತೋರುಬೆರಳಿನದು ಒಂದು ಪಾಲು, ನಡುಬೆರಳು–ಉಂಗುರಬೆರಳ ಜೋಡಿಯದು ಇನ್ನೊಂದು. ಯಾವ ಸೊಲ್ಲಿಗೆ ಯಾವ ಬೆರಳು ಎಂಬುದು ಬಾನಿಯಿಂದ ಬಾನಿಗೆ ಬದಲಾಗುತ್ತದೆ, ಹಂಚಿಕೆ ಮಾತ್ರ ಎಲ್ಲೆಡೆ ಇದೆ. ಹಾಗಾಗಿ ಯಾವ ಒಂದು ಬೆರಳೂ ಅಸಾಧ್ಯವಾದ ಓಟ ಓಡಬೇಕಾಗಿಲ್ಲ. ಪಾಲು ಸಮವಾಗಿದ್ದರೆ ನುಡಿಸಾಣಿಕೆ ಹರಿಯುತ್ತದೆ. ಒಂದು ಬೆರಳು ತಡಮಾಡಿದರೂ ಗದ್ದಲವಾಗುತ್ತದೆ.

ತಡವಾಗುವುದೇಕೆ? ಪೆಟ್ಟು ಹಾಕುವುದರ ಮೇಲೆ ನಮ್ಮ ಗಮನವೆಲ್ಲ ಇರುತ್ತದೆ, ಬೆರಳು ಚರ್ಮ ಬಿಟ್ಟು ಏಳುವುದರ ಮೇಲೆ ಇರುವುದಿಲ್ಲ. ನನಗೆ ತಿಳಿದಂತೆ ಕೈವೇಗದ ಗುಟ್ಟೆಲ್ಲ ಇರುವುದು ಈ ಏಳುವುದರಲ್ಲಿ. ಇದಕ್ಕೆ ಚರ್ಮದ ನಾದವೂ ಒಂದು ಕಾರಣ. ವಿಜ್ಞಾನಿ ಸರ್ ಸಿ.ವಿ. ರಾಮನ್ 1920ರಲ್ಲಿ ಎಸ್. ಕುಮಾರ್ ಜತೆ ‘ನೇಚರ್’ ಪತ್ರಿಕೆಯಲ್ಲಿ, ಮತ್ತೆ 1934ರಲ್ಲಿ ಬೆಂಗಳೂರಿನಲ್ಲಿದ್ದಾಗ, ನಮ್ಮ ಚರ್ಮವಾದ್ಯಗಳ ನಾದದ ಬಗ್ಗೆ ಬರೆದರು. ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವಿನ ಕಪ್ಪು ಕರಣೆಯ ಭಾರ ಅವನ್ನು ಹೊಂದಿಸಿ, ಶ್ರುತಿಗೆ ಕೂಡುವ ಸ್ವರ ಹೊರಡಿಸುತ್ತದೆ ಎಂದು ತೋರಿಸಿದರು. ಅಂಥ ನಾದವಿರುವ ಚರ್ಮದ ಮೇಲೆ ಪೆಟ್ಟು ಹಾಕಿದ ಬೆರಳು ಒಂದಿಷ್ಟು ಹೆಚ್ಚು ಹೊತ್ತು ನಿಂತರೂ ನಾದ ಸತ್ತುಹೋಗುತ್ತದೆ. ‘ನಂ’ ನುಡಿಸುವಾಗ ಉಂಗುರಬೆರಳು ಕರಣೆಯಂಚಿಗೆ ಹಗುರವಾಗಿ ತಾಗಿರಬೇಕು, ತೋರುಬೆರಳು ಹೊರಅಂಚಿನ ಮೀಟಿನ ಮೇಲೆ ಬಿದ್ದದ್ದೇ ಹಿಂದಕ್ಕೆ ಬರಬೇಕು. ಅದು ಬರದಿದ್ದರೆ ಮುಂದಿನ ಪೆಟ್ಟಿಗೂ ತಡ, ಈ ಪೆಟ್ಟಿನ ನಾದಕ್ಕೂ ಕುತ್ತು.

ಬೆರಳು ಹಿಂದಕ್ಕೆ ಬಾರದಂತೆ ಹಿಡಿಯುವುದು ಬಿಗಿತ. ಜೋರಾಗಿ ನುಡಿಸಬೇಕೆಂಬ ಹಟದಲ್ಲಿ ಮುಂಗೈಯ ಬಾಗಿಸುವ ಸ್ನಾಯು, ಚಾಚುವ ಸ್ನಾಯು ಎರಡೂ ಒಟ್ಟಿಗೆ ಸೆಟೆದುಕೊಂಡರೆ ಒಂದನ್ನೊಂದು ತಡೆಯುತ್ತವೆ. ಹೆಗಲು ಮೇಲೇರುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ಆಗ ಕೈ ನಿಲ್ಲಿಸಿ, ಒದ್ದೆ ಕೈಯ ನೀರು ಕೊಡವಿದಂತೆ ಮಣಿಕಟ್ಟನ್ನು ಸಡಿಲಿಸಿ, ಒಂದು ಕಾಲ ಕೆಳಗಿಳಿದು ಮತ್ತೆ ಶುರುಮಾಡುವುದೇ ಸರಿ. ನೋವನ್ನು ಸಹಿಸಿಕೊಂಡು ಸಾಧನೆ ಮಾಡು ಎನ್ನುವ ಮಾತನ್ನು ನಾನು ಒಪ್ಪಲಾರೆ. ಅದರಿಂದ ಬೆಳೆಯುವ ಕೈಗಿಂತ ಕೆಡುವ ಕೈ ಹೆಚ್ಚು.

ಇನ್ನು ಹತ್ತುವ ಮೆಟ್ಟಿಲು. ಒಂದನೇ ಕಾಲದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗ ಪ್ರತಿಸಲವೂ ವೇಗ ಇಮ್ಮಡಿ. ಅದು ದೊಡ್ಡ ನೆಗೆತ. ನಮ್ಮ ಪದ್ಧತಿಯಲ್ಲೇ ಅದಕ್ಕೆ ದಾರಿಯಿದೆ: ಎಣಿಕೆಗೆ 4 ಆದ ಮೇಲೆ ತಿಶ್ರದ 6, ಆಮೇಲೆ 8. ತಾಳ ಒಂದಿಷ್ಟೂ ಅಲುಗದೆ ಇದನ್ನು ಹತ್ತಿ, ಹಾಗೇ ಇಳಿದೂ ಬರಬೇಕು. ಇಳಿಯುವಾಗ ಓಡಿಬಿಡುವ ಕೈ ಇನ್ನೂ ಪಳಗಿಲ್ಲ ಎಂದೇ ತಿಳಿಯಬೇಕು. ವೇಗ ಹೆಚ್ಚಿದಂತೆ ಬೆರಳು ಏಳುವ ಎತ್ತರ ಕಡಿಮೆಯಾಗಬೇಕು. ಅದನ್ನು ನಿಧಾನದಲ್ಲೇ ರೂಢಿಸಿಕೊಳ್ಳದಿದ್ದರೆ ವೇಗದಲ್ಲಿ ಬರುವುದಿಲ್ಲ. ಇದೆಲ್ಲಕ್ಕೂ ಮೊದಲು ಬಾಯಿ: ಕೈಯಲ್ಲಿ ತಾಳ ಹಾಕುತ್ತ ಸೊಲ್ಲು ಸ್ಪಷ್ಟವಾಗಿ ಹೇಳಲು ಬಾರದ ಕಾಲದಲ್ಲಿ ನುಡಿಸಹೋಗಬಾರದು.

ಬಹುತೇಕರಲ್ಲಿ ಹಿಂದೆ ಬೀಳುವುದು ಎಡಗೈ. ರವೆ ಮೆತ್ತಿದ ಎಡಭಾಗದ ತೊಪ್ಪಿ ಭಾರವಾಗಿ ನುಡಿಯುತ್ತದೆ, ಅಂಗೈಯೂ ಬೆರಳಷ್ಟು ಚುರುಕಲ್ಲ. ರವೆ ಒಣಗಿದರೆ ನಾದ ಬರಲಿಲ್ಲವೆಂದು ಇನ್ನಷ್ಟು ಗುದ್ದುತ್ತೇವೆ, ಮತ್ತೆ ಬಿಗಿತ. ರವೆ ಹದವಾಗಿದ್ದರೆ ಕೈಗೆ ಅರ್ಧ ಕೆಲಸ ಉಳಿಯುತ್ತದೆ. ತೊಪ್ಪಿಯ ನಾದಕ್ಕೆ ಹೆಸರಾದ ಪಳನಿ ಸುಬ್ರಮಣ್ಯ ಪಿಳ್ಳೈ ಎಡಚರು. ಅವರಿಗೆ ತೊಪ್ಪಿಯ ಮೇಲೆ ಬೀಳುತ್ತಿದ್ದದ್ದು ಬಲಗೈ. ಅವರ ಧ್ವನಿಮುದ್ರಿಕೆಗಳನ್ನು ಕೇಳುವಾಗ ಕಿವಿಯನ್ನು ಬರೀ ತೊಪ್ಪಿಯ ಕಡೆಗಿಟ್ಟು ಕೇಳಿ. ನಮ್ಮ ಅಭ್ಯಾಸದಲ್ಲಿ ತೊಪ್ಪಿಯ ಕೈಗೆ ಎಷ್ಟು ಕಡಿಮೆ ಪಾಲು ಕೊಟ್ಟಿದ್ದೇವೆಂದು ತಿಳಿಯುತ್ತದೆ. ದಿನದ ಸಾಧನೆಯಲ್ಲಿ ಸ್ವಲ್ಪ ಹೊತ್ತು ಎಡಗೈಗೆ ಮಾತ್ರ ಮೀಸಲಿಡುವುದು ಒಳ್ಳೆಯದು.

ಮೊಬೈಲು ಇಲ್ಲಿ ನಿಜವಾಗಿ ಉಪಕಾರಿ. ಮೂರನೇ ಕಾಲದ ಒಂದು ಆವರ್ತನ ಧ್ವನಿಮುದ್ರಿಸಿ, ಅರ್ಧ ವೇಗಕ್ಕೆ ಇಳಿಸಿ ಕೇಳಿ. ನುಡಿಸುವಾಗ ಸಮವೆನಿಸಿದ ಎಂಟರಲ್ಲಿ ಮೂರನೆಯದೋ ಏಳನೆಯದೋ ಸೊರಗಿರುತ್ತದೆ. ಆ ಪೆಟ್ಟು, ಅದರ ಹಿಂದಿನದು, ಮುಂದಿನದು, ಈ ಮೂರನ್ನೇ ಬಿಡಿಸಿಕೊಂಡು ಮರುದಿನ ಒಂದನೇ ಕಾಲದಿಂದ ಸಾಧಿಸಿ.