ಡೆವಿಲ್ಡ್ ಎಗ್ಸ್: ತುಂಬಿದ ಮೊಟ್ಟೆಯ ಚರಿತ್ರೆ ಮತ್ತು ಮಸಾಲೆಯ ಹದ

ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗಿನ ಹಳದಿಯನ್ನು ತೆಗೆದು, ಅದನ್ನು ಎಣ್ಣೆ, ಹುಳಿ, ಸಾಸಿವೆ ಮತ್ತು ಮಸಾಲೆಯೊಡನೆ ನುಣ್ಣಗೆ ಹಿಸುಕಿ ಕಲಸಿ, ಮತ್ತೆ ಅದೇ ಬಿಳಿಯ ಕುಳಿಗೆ ತುಂಬಿ ತಣ್ಣಗೆ ಬಡಿಸುವ ತಿನಿಸನ್ನು ಅಮೆರಿಕದಲ್ಲಿ ಡೆವಿಲ್ಡ್ ಎಗ್ಸ್ ಎನ್ನುತ್ತಾರೆ. ಈಸ್ಟರ್ ಹಬ್ಬದಲ್ಲಿ, ಥ್ಯಾಂಕ್ಸ್‌ಗಿವಿಂಗ್ ಔತಣದಲ್ಲಿ, ಚರ್ಚಿನ ಸಾಮೂಹಿಕ ಭೋಜನಗಳಲ್ಲಿ ಇದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಆ ದೇಶದ ದಕ್ಷಿಣದ ರಾಜ್ಯಗಳ ಅನೇಕ ಮನೆಗಳಲ್ಲಿ, ಹೋಳುಗಳು ಜಾರದಂತೆ ಮೊಟ್ಟೆಯಾಕಾರದ ಗುಳಿಗಳಿರುವ ವಿಶೇಷ ತಟ್ಟೆಯನ್ನೇ ಇದಕ್ಕಾಗಿ ಇಟ್ಟುಕೊಂಡಿರುತ್ತಾರೆ. ನೋಡಲು ತೀರಾ ಸರಳವಾದ ಈ ತಿನಿಸಿನ ರುಚಿಯೆಲ್ಲ ಅದರ ಮಸಾಲೆಯಲ್ಲಿದೆ. ಯಾವ ಪದಾರ್ಥ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಅರಿತವರು, ಮೂಲದ ಹದ ಕೆಡದಂತೆ, ತಮ್ಮ ನಾಲಗೆಗೆ ಒಪ್ಪುವ ಮಸಾಲೆಯನ್ನು ಅದಕ್ಕೆ ಧೈರ್ಯವಾಗಿ ಸೇರಿಸಬಹುದು.

ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಪ್ರಾಚೀನ ರೋಮನ್ನರ ಔತಣಗಳು ಮೊಟ್ಟೆಯಿಂದ ಆರಂಭವಾಗುತ್ತಿದ್ದವು. ಎಪೀಸಿಯಸ್ ಎಂಬ ಹೆಸರಿನಲ್ಲಿ ಉಳಿದುಬಂದಿರುವ ಪಾಕಗ್ರಂಥದಲ್ಲಿ ಬೇಯಿಸಿದ ಮೊಟ್ಟೆಯ ಮೇಲೆ ಸುರಿಯುವುದಕ್ಕೆ ಕರಿಮೆಣಸು, ನೆನೆಸಿದ ಪೈನ್ ಬೀಜ, ಜೇನು, ವಿನೆಗರ್ ಮತ್ತು ಹುದುಗಿಸಿದ ಮೀನಿನ ರಸವನ್ನು ಕೂಡಿಸಿ ಮಾಡುವ ಸಾರವೊಂದರ ವಿವರಣೆಯಿದೆ. ಹಳದಿಯನ್ನು ಹೊರತೆಗೆದು, ಮಸಾಲೆ ಬೆರೆಸಿ, ಮತ್ತೆ ತುಂಬುವ ಕ್ರಮ 13ನೇ ಶತಮಾನದ ಆಂದಲೂಸಿಯಾದಲ್ಲಿ, ಅಂದರೆ ಮುಸ್ಲಿಂ ಆಳ್ವಿಕೆಯಲ್ಲಿದ್ದ ಸ್ಪೇನಿನ ಭಾಗದಲ್ಲಿ, ರಚಿತವಾದ ಅರಬ್ಬಿ ಪಾಕಗ್ರಂಥವೊಂದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಬೇಯಿಸಿದ ಹಳದಿಯನ್ನು ಕೊತ್ತಂಬರಿ ಸೊಪ್ಪು, ಈರುಳ್ಳಿಯ ರಸ, ಮೆಣಸು ಮತ್ತು ಧನಿಯದೊಂದಿಗೆ ಕುಟ್ಟಿ, ಎಣ್ಣೆ, ಉಪ್ಪು ಹಾಗೂ ಮುರ್ರಿ ಎಂಬ, ಬಾರ್ಲಿಯನ್ನು ಹುದುಗಿಸಿ ಮಾಡಿದ ಉಪ್ಪುರಸದಲ್ಲಿ ಕಲಸಿ, ಬಿಳಿಯ ಹೋಳುಗಳಿಗೆ ತುಂಬಿ, ಎರಡೂ ಹೋಳುಗಳನ್ನು ಜೋಡಿಸಿ ಸಣ್ಣ ಕಡ್ಡಿಯಿಂದ ಬಂಧಿಸುತ್ತಿದ್ದರು. 15ನೇ ಶತಮಾನದ ಯುರೋಪಿನಲ್ಲಿ ಇದೇ ಕುಳಿಗೆ ಒಣದ್ರಾಕ್ಷಿ, ಗಿಣ್ಣು ಮತ್ತು ಪರಿಮಳದ ಸೊಪ್ಪುಗಳನ್ನು ತುಂಬಿ, ಎಣ್ಣೆಯಲ್ಲಿ ಕರಿದು, ಮೇಲೆ ದಾಲ್ಚಿನ್ನಿ, ಶುಂಠಿ, ಲವಂಗಗಳ ಸಾರವನ್ನು ಸುರಿಯುವುದೂ ರೂಢಿಯಲ್ಲಿತ್ತು.

ಇಂದಿನ ಹೆಸರು ಬಂದದ್ದು ಇಂಗ್ಲೆಂಡಿನಿಂದ. 18ನೇ ಶತಮಾನದ ಕೊನೆಯ ಭಾಗದಲ್ಲಿ, ಮೆಣಸು, ಸಾಸಿವೆ ಮುಂತಾದವನ್ನು ಧಾರಾಳವಾಗಿ ಹಾಕಿ ಉರಿಯುವಷ್ಟು ಖಾರ ಮಾಡಿದ ಅಡುಗೆಗೆ ಸೈತಾನನ, ಅಂದರೆ ಡೆವಿಲ್‌ನ, ಹೆಸರನ್ನು ಅಂಟಿಸುವ ವಾಡಿಕೆ ಅಲ್ಲಿ ಬೆಳೆಯಿತು. ಆ ಹೆಸರು ಬೇಡವೆನಿಸಿದ ಕೆಲವು ಚರ್ಚ್ ಸಮುದಾಯಗಳು ಇದನ್ನು ತುಂಬಿದ ಮೊಟ್ಟೆ ಎಂದೋ ಸಾಲಡ್ ಮೊಟ್ಟೆ ಎಂದೋ ಕರೆದವು. ತುಂಬುವ ಮಿಶ್ರಣಕ್ಕೆ ಮೇಯನೇಸ್ ಬಳಸುವ ಆರಂಭಿಕ ಉಲ್ಲೇಖಗಳಲ್ಲಿ ಒಂದು, ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಬಾಸ್ಟನ್ ಅಡುಗೆ ಶಾಲೆಯ ಪ್ರಸಿದ್ಧ ಪಾಕಪುಸ್ತಕದಲ್ಲಿದೆ. ಯುರೋಪಿನ ಇತರೆಡೆಯೂ ಈ ತಿನಿಸು ಬೇರೆ ಬೇರೆ ರೂಪಗಳಲ್ಲಿ ಉಳಿದುಕೊಂಡಿದೆ: ಫ್ರೆಂಚರು ಹಳದಿಯ ಒಂದು ಪಾಲನ್ನು ಜರಡಿಯಲ್ಲಿ ತಿಕ್ಕಿ ಹೂಪುಡಿಯಂತೆ ಮೇಲೆ ಉದುರಿಸಿದರೆ, ಸ್ಪೇನಿನವರು ಟ್ಯೂನಾ ಮೀನನ್ನು ಬೆರೆಸುತ್ತಾರೆ.

ತಿನಿಸಿನ ಯಶಸ್ಸು ಮೊಟ್ಟೆಯನ್ನು ಬೇಯಿಸುವಲ್ಲೇ ಅರ್ಧ ನಿರ್ಧಾರವಾಗಿಬಿಡುತ್ತದೆ. ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನುಗಳು ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಿಂದ ಹೆಪ್ಪುಗಟ್ಟತೊಡಗಿ 80 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಬಿಗಿಯಾಗುತ್ತವೆ. ಹಳದಿ 65ರಿಂದ 70 ಡಿಗ್ರಿಯ ನಡುವೆ ಗಟ್ಟಿಯಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಕುದಿಸಿದರೆ ಬಿಳಿ ರಬ್ಬರಿನಂತಾಗುವುದಲ್ಲದೆ, ಬಿಳಿಯಿಂದ ಹೊರಟ ಹೈಡ್ರೋಜನ್ ಸಲ್ಫೈಡ್ ಅನಿಲವು ಹಳದಿಯಲ್ಲಿರುವ ಕಬ್ಬಿಣದ ಅಂಶದೊಡನೆ ಸೇರಿ, ಹಳದಿಯ ಸುತ್ತ ಹಸಿರುಬೂದು ಬಣ್ಣದ ಉಂಗುರ ಮೂಡುತ್ತದೆ. ತಿಂದರೆ ಇದರಿಂದ ಕೇಡಿಲ್ಲವಾದರೂ ತುಂಬುವ ಮಿಶ್ರಣದ ಬಣ್ಣವೂ ವಾಸನೆಯೂ ಕೆಡುತ್ತವೆ. ಆದ್ದರಿಂದ ಕುದಿಯುವ ನೀರಿಗೆ ಮೊಟ್ಟೆಗಳನ್ನು ಮೆಲ್ಲನೆ ಇಳಿಸಿ, ಉರಿ ತಗ್ಗಿಸಿ, 11ರಿಂದ 12 ನಿಮಿಷ ಬೇಯಿಸಿ, ಕೂಡಲೇ ಮಂಜುಗಡ್ಡೆ ಹಾಕಿದ ನೀರಿಗೆ ವರ್ಗಾಯಿಸುವುದು ಒಳ್ಳೆಯ ಕ್ರಮ. ಮೊದಲ ಕೆಲವು ನಿಮಿಷ ಅವುಗಳನ್ನು ಸೌಟಿನಿಂದ ನಿಧಾನವಾಗಿ ಹೊರಳಿಸುತ್ತಿದ್ದರೆ ಹಳದಿ ನಡುವೆಯೇ ನಿಲ್ಲುವ ಸಾಧ್ಯತೆ ಹೆಚ್ಚು.

ಇಂದೇ ಇಟ್ಟ ಮೊಟ್ಟೆಯನ್ನು ಬೇಯಿಸಿದರೆ ಚಿಪ್ಪು ಸುಲಭವಾಗಿ ಬಿಡುವುದಿಲ್ಲ ಎಂಬುದು ಅಡುಗೆ ಮಾಡುವವರ ಅನುಭವ. ಇದಕ್ಕೆ ಕಾರಣವೂ ತಿಳಿದಿದೆ. ತಾಜಾ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಅದರ ಕ್ಷಾರತೆ ಕಡಿಮೆ ಇರುತ್ತದೆ, ಆಗ ಬಿಳಿಯು ಚಿಪ್ಪಿನ ಒಳಪೊರೆಗೆ ಬಲವಾಗಿ ಅಂಟಿಕೊಳ್ಳುತ್ತದೆ. ದಿನಗಳು ಕಳೆದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆ ಅನಿಲ ಹೊರಹೋಗಿ, ಕ್ಷಾರತೆ ಏರಿ, ಅಂಟು ಸಡಿಲವಾಗುತ್ತದೆ. ಹೋಳುಗಳು ಅಂದವಾಗಿ ಬರಬೇಕಾದ ಈ ತಿನಿಸಿಗೆ ಫ್ರಿಜ್‌ನಲ್ಲಿ ಒಂದು ವಾರ ಇದ್ದ ಮೊಟ್ಟೆಯೇ ಹೆಚ್ಚು ಅನುಕೂಲ.

ಇನ್ನು ತುಂಬುವ ಮಿಶ್ರಣ. ಬೇಯಿಸಿದ ಹಳದಿಯಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೊಬ್ಬಿದೆ. ಬರಿದೇ ತಿಂದರೆ ಅದು ಬಾಯಿಗೆ ಒಣಪುಡಿಯಂತೆ ಅಂಟಿಕೊಳ್ಳುತ್ತದೆ. ಎಣ್ಣೆ ಮತ್ತು ಹುಳಿನೀರು ಬೇರ್ಪಡದಂತೆ ಹಸಿ ಹಳದಿಯ ನೆರವಿನಿಂದ ಕಡೆದು ಮಾಡಿದ ಮೇಯನೇಸ್ ಅದಕ್ಕೆ ನುಣುಪು ಕೊಡುತ್ತದೆ, ವಿನೆಗರ್ ಅಥವಾ ನಿಂಬೆರಸ ಕೊಬ್ಬಿನ ಭಾರವನ್ನು ತಗ್ಗಿಸುತ್ತದೆ, ಸಾಸಿವೆ ಘಾಟನ್ನು ಒದಗಿಸುತ್ತದೆ. ಈ ಘಾಟು ಸಾಸಿವೆಕಾಳಿನಲ್ಲಿ ಸಿದ್ಧವಾಗಿರುವುದಿಲ್ಲ. ಕಾಳು ಒಡೆದು ನೀರು ಸೇರಿದಾಗ ಮಾತ್ರ ಮೈರೋಸಿನೇಸ್ ಎಂಬ ಕಿಣ್ವವು, ಅಂದರೆ ರಾಸಾಯನಿಕ ಬದಲಾವಣೆಯನ್ನು ಚುರುಕುಗೊಳಿಸುವ ಪ್ರೋಟೀನು, ಅದರಲ್ಲಿರುವ ಗಂಧಕಯುಕ್ತ ಸಂಯುಕ್ತವನ್ನು ಒಡೆದು ಮೂಗಿಗೆ ಏರುವ ಎಣ್ಣೆಯನ್ನು ಬಿಡುಗಡೆ ಮಾಡುತ್ತದೆ. ಶಾಖ ಆ ಕಿಣ್ವವನ್ನು ನಾಶ ಮಾಡುತ್ತದೆ, ಹುಳಿ ಅದರ ಕೆಲಸವನ್ನು ತಡೆಯುತ್ತದೆ. ಹಸಿ ಸಾಸಿವೆಯನ್ನು ಕಾಯಿತುರಿಯೊಡನೆ ಅರೆದು ಮೊಸರಿಗೆ ಕಲಸುವ ಮಲೆನಾಡಿನ ಸಾಸಿವೆ ಎಂಬ ವ್ಯಂಜನಕ್ಕೆ ಘಾಟು ಬರುವುದೂ, ಅದೇ ಕಾಳನ್ನು ಒಗ್ಗರಣೆಯಲ್ಲಿ ಸಿಡಿಸಿದಾಗ ಘಾಟು ಕಾಣದಿರುವುದೂ ಇದೇ ಕಾರಣಕ್ಕೆ. ಆದ್ದರಿಂದ ಸಾಸಿವೆಪುಡಿಯನ್ನು ಬಳಸುವವರು ಮೊದಲು ತಣ್ಣೀರಿನಲ್ಲಿ ಕಲಸಿ 10 ನಿಮಿಷ ಬಿಟ್ಟು, ಆಮೇಲೆ ಹುಳಿ ಸೇರಿಸಬೇಕು.

ಹೊಸ ಮಸಾಲೆಯೊಂದು ಈ ತಿನಿಸನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಅಮೆರಿಕದ ಪೂರ್ವ ಕರಾವಳಿಯ ಓಲ್ಡ್ ಬೇ ಮಸಾಲೆ ಒಳ್ಳೆಯ ನಿದರ್ಶನ. ನಾಜಿಗಳ ಹಿಂಸೆಯಿಂದ ಪಾರಾಗಿ ಜರ್ಮನಿಯನ್ನು ತೊರೆದ ಯಹೂದಿ ಮಸಾಲೆ ವ್ಯಾಪಾರಿ ಗುಸ್ತಾವ್ ಬ್ರುನ್ ಬಾಲ್ಟಿಮೋರ್ ನಗರದಲ್ಲಿ ನೆಲೆಸಿ, 1939ರಲ್ಲಿ ಈ ಮಿಶ್ರಣವನ್ನು ಮಾರುಕಟ್ಟೆಗೆ ತಂದರು. ಸೆಲರಿ ಎಂಬ ಸೊಪ್ಪಿನ ಬೀಜವನ್ನು ಉಪ್ಪಿನೊಂದಿಗೆ ಬೆರೆಸಿದ ಪುಡಿ, ಕರಿಮೆಣಸು, ಕೆಂಪು ಮೆಣಸಿನಕಾಯಿ ಮತ್ತು ಪ್ಯಾಪ್ರಿಕಾ ಇದರ ಮುಖ್ಯ ಪದಾರ್ಥಗಳು. ಚೆಸಪೀಕ್ ಕೊಲ್ಲಿಯ ಏಡಿಗಳನ್ನು ಹಬೆಯಲ್ಲಿ ಬೇಯಿಸುವಾಗ ಬಳಕೆಯಾಗುತ್ತಿದ್ದ ಈ ಪುಡಿ ಕ್ರಮೇಣ ಆ ಸೀಮೆಯ ತುಂಬಿದ ಮೊಟ್ಟೆಗಳಿಗೂ ಬಂದು, ಹಳದಿಯ ಸಪ್ಪೆತನವನ್ನು ನೀಗಿ, ಅವುಗಳಿಗೆ ಪ್ರಾದೇಶಿಕ ಗುರುತನ್ನೇ ಕೊಟ್ಟಿತು. ನಿರಾಶ್ರಿತರಾಗಿ ಬಂದವರೊಬ್ಬರ ಕೈರುಚಿ ಒಂದು ಸೀಮೆಯ ರುಚಿಯಾಗಿ ನೆಲೆಗೊಂಡದ್ದು ಪಾಕಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದ ಸಂಗತಿ.

ಕರ್ನಾಟಕದ ಅಡುಗೆಮನೆಗೆ ಈ ತಿನಿಸಿನೊಡನೆ ನೇರವಾದ ನಂಟು ಕಲ್ಪಿಸುವುದು ಪ್ಯಾಪ್ರಿಕಾ. ಹಂಗೇರಿ ಮತ್ತು ಸ್ಪೇನಿಗೆ ಹೆಸರು ತಂದ ಪ್ಯಾಪ್ರಿಕಾ, ಖಾರ ಕಡಿಮೆಯಿದ್ದು ಬಣ್ಣ ದಟ್ಟವಾಗಿರುವ ಮೆಣಸಿನಕಾಯಿಯ ಪುಡಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಬಹುಮಟ್ಟಿಗೆ ಅದೇ. ಮೆಣಸಿನಕಾಯಿಯ ಕೆಂಪು ವರ್ಣದ್ರವ್ಯಗಳೂ ಅದರ ಖಾರವಾದ ಕ್ಯಾಪ್ಸೈಸಿನ್ ಕೂಡ ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದರಿಂದ, ಪುಡಿಯನ್ನು ಹಸಿಯಾಗಿ ಉದುರಿಸುವ ಬದಲು ಒಂದು ಚಮಚ ಬೆಚ್ಚಗಿನ ಎಣ್ಣೆಯಲ್ಲಿ ಸೀಯದಂತೆ ಕಲಕಿ, ಆರಿದ ಮೇಲೆ ಹಳದಿಗೆ ಸೇರಿಸಿದರೆ ಬಣ್ಣವೂ ಪರಿಮಳವೂ ಮಿಶ್ರಣದಲ್ಲೆಲ್ಲ ಸಮನಾಗಿ ಹರಡುತ್ತವೆ.

ಆರು ಮೊಟ್ಟೆಗಳ ಹನ್ನೆರಡು ಹೋಳುಗಳಿಗೆ ಬೇಕಾಗುವ ಅಳತೆ ಹೀಗಿದೆ: ನಾಲ್ಕು ದೊಡ್ಡ ಚಮಚ ಮೇಯನೇಸ್, ಒಂದು ಸಣ್ಣ ಚಮಚ ಅರೆದ ಸಾಸಿವೆ, ಒಂದು ಸಣ್ಣ ಚಮಚ ವಿನೆಗರ್ ಅಥವಾ ನಿಂಬೆರಸ, ಅರ್ಧ ಸಣ್ಣ ಚಮಚ ಬ್ಯಾಡಗಿ ಪುಡಿ, ಕಾಲು ಸಣ್ಣ ಚಮಚ ಕರಿಮೆಣಸಿನ ಪುಡಿ ಮತ್ತು ರುಚಿಗೆ ತಕ್ಕಷ್ಟು ಉಪ್ಪು. ಓಲ್ಡ್ ಬೇಯಂಥ ಉಪ್ಪು ಬೆರೆತ ಸಿದ್ಧ ಪುಡಿಯನ್ನು ಬಳಸುವುದಾದರೆ ಬೇರೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ಮೇಯನೇಸ್ ಒಗ್ಗದವರು ನೀರು ಬಸಿದ ಗಟ್ಟಿ ಮೊಸರನ್ನು ಬಳಸಬಹುದು. ಆಗ ಹುಳಿಯ ಪ್ರಮಾಣವನ್ನು ಕಡಿಮೆ ಮಾಡಬೇಕು. ಹಳದಿಯನ್ನು ಜರಡಿಯಲ್ಲಿ ತಿಕ್ಕಿ ಇಳಿಸಿದರೆ ಗಂಟುಗಳು ಉಳಿಯುವುದಿಲ್ಲ. ತಣ್ಣಗಿನ ತಿನಿಸಿನಲ್ಲಿ ಮಸಾಲೆ ನಾಲಗೆಗೆ ಮಂದವಾಗಿ ತೋರುವುದರಿಂದ, ಮಿಶ್ರಣವನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಮತ್ತೊಮ್ಮೆ ರುಚಿ ನೋಡಿ ಉಪ್ಪು, ಹುಳಿಗಳನ್ನು ಸರಿಪಡಿಸಿದ ಮೇಲೆ ತುಂಬುವುದು ಉತ್ತಮ. ಮೇಲೆ ಹೆಚ್ಚಿದ ಕೊತ್ತಂಬರಿ ಸೊಪ್ಪನ್ನೋ ಸಣ್ಣ ಈರುಳ್ಳಿ ಚೂರುಗಳನ್ನೋ ಉದುರಿಸಿದರೆ ಮೆತ್ತನೆಯ ಮಿಶ್ರಣಕ್ಕೆ ಕುರುಕುತನ ಸಿಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಉದಾಸೀನ ಸಲ್ಲದು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ, ಮನೆಯಲ್ಲಿ ಹಸಿ ಹಳದಿಯಿಂದ ಕಡೆದ ಮೇಯನೇಸನ್ನು ಮಕ್ಕಳಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ ಬಡಿಸಬಾರದು. ತುಂಬಿದ ಮೊಟ್ಟೆಗಳನ್ನು ಕೋಣೆಯ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಸುಡುಬಿಸಿಲಿನ ದಿನಗಳಲ್ಲಿ ಆ ಅವಧಿ ಒಂದು ಗಂಟೆ ಮಾತ್ರ. ಮೊದಲೇ ತಯಾರಿ ಮಾಡಿಕೊಳ್ಳುವವರು ಬಿಳಿಯ ಹೋಳುಗಳನ್ನೂ ಮಿಶ್ರಣವನ್ನೂ ಬೇರೆ ಬೇರೆಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು, ಬಡಿಸುವ ಸ್ವಲ್ಪ ಮೊದಲು ತುಂಬಿಕೊಳ್ಳಬೇಕು.

ಆಂದಲೂಸಿಯಾದ ಧನಿಯ, ಇಂಗ್ಲೆಂಡಿನ ಸಾಸಿವೆ, ಬಾಲ್ಟಿಮೋರಿನ ಸೆಲರಿಪುಡಿ ಇವೆಲ್ಲಕ್ಕೂ ಈ ಪುಟ್ಟ ಕುಳಿಯಲ್ಲಿ ಸ್ಥಳ ಸಿಕ್ಕಿರುವಾಗ ಬ್ಯಾಡಗಿಯ ಕೆಂಪಿಗೂ ಅಲ್ಲಿ ಸ್ಥಳವಿದೆ. ಕೊಬ್ಬು, ಹುಳಿ, ಉಪ್ಪು, ಘಾಟು ಈ ನಾಲ್ಕರ ಸಮತೋಲವನ್ನು ಕಾಯ್ದುಕೊಂಡು, ಉಳಿದದ್ದನ್ನು ತಮ್ಮ ಮನೆಯ ಮಸಾಲೆ ಡಬ್ಬಿಗೆ ಬಿಟ್ಟುಕೊಡುವವರು ಈ ತಿನಿಸನ್ನು ನಿಜವಾಗಿ ಅರ್ಥಮಾಡಿಕೊಂಡಂತೆ. ಮೊಟ್ಟೆ ತಿನ್ನುವ ಮನೆಗಳವರು ಮುಂದಿನ ಔತಣಕ್ಕೆ ಇದನ್ನೊಮ್ಮೆ ಮಾಡಿ ನೋಡಬೇಕು.