ವಿದ್ವತ್ಪತ್ರಿಕೆಗಳ ಪ್ರಕಟಣಧರ್ಮ

ಸಂಶೋಧಕನು ಕಂಡುಕೊಂಡ ಸಂಗತಿಯು ಅವನ ಟಿಪ್ಪಣಿ ಪುಸ್ತಕದಲ್ಲಿರುವವರೆಗೆ ಅವನೊಬ್ಬನ ಸೊತ್ತು. ಪತ್ರಿಕೆಯಲ್ಲಿ ಅಚ್ಚಾದ ದಿನ ಅದು ಎಲ್ಲರ ಸೊತ್ತಾಗುತ್ತದೆ. ಅಂದಿನಿಂದ ಇತರರು ಅದನ್ನು ಆಧಾರವಾಗಿಟ್ಟುಕೊಂಡು ಮುಂದಿನ ಕೆಲಸ ಹೂಡುತ್ತಾರೆ. ಅಧ್ಯಾಪಕರು ತರಗತಿಯಲ್ಲಿ ಅದನ್ನು ಬೋಧಿಸುತ್ತಾರೆ. ಪ್ರತಿಯೊಬ್ಬ ಓದುಗನೂ ಪ್ರತಿಯೊಂದು ಪ್ರಯೋಗವನ್ನು ತಾನೇ ಮತ್ತೆ ಮಾಡಿ ನೋಡುವುದು ಅಶಕ್ಯವಾದುದರಿಂದ, ವಿದ್ವತ್ಪತ್ರಿಕೆಯ ವ್ಯವಹಾರವೆಲ್ಲವೂ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯನ್ನು ಕಾಪಾಡುವ ಕಟ್ಟುಪಾಡುಗಳಾವುವು, ಅವು ಎಲ್ಲಿ ಸಡಿಲಗೊಳ್ಳುತ್ತವೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

೧

ವಿದ್ವತ್ಪತ್ರಿಕೆಗಳು ಹುಟ್ಟಿದುದು ೧೬೬೫ರಲ್ಲಿ. ಆ ವರ್ಷದ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಪತ್ರಿಕೆ ಹೊರಟಿತು. ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ತಮ್ಮ ಸ್ವಂತ ಹೊಣೆಯಲ್ಲಿ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ೧೭೫೨ರಲ್ಲಿ ಸೊಸೈಟಿಯು ಆ ಹೊಣೆಯನ್ನು ತಾನೇ ವಹಿಸಿಕೊಂಡು, ಲೇಖನಗಳ ಆಯ್ಕೆಗೆ ಸಮಿತಿಯೊಂದನ್ನು ನೇಮಿಸಿತು. ಬಂದ ಲೇಖನವನ್ನು ಆ ವಿಷಯ ಬಲ್ಲ ಅನ್ಯರಿಗೆ ಕಳುಹಿಸಿ ಅವರ ಅಭಿಪ್ರಾಯ ಪಡೆಯುವ ಪದ್ಧತಿಯು ಕ್ರಮಕ್ರಮವಾಗಿ ಬೆಳೆದು, ಇಪ್ಪತ್ತನೆಯ ಶತಮಾನದಲ್ಲಿ ಎಲ್ಲೆಡೆಯಲ್ಲಿಯೂ ನೆಲೆಗೊಂಡಿತು.

ಈ ವ್ಯವಸ್ಥೆಯಲ್ಲಿ ಮೂವರಿಗೆ ಮೂರು ಬಗೆಯ ಕರ್ತವ್ಯಗಳಿವೆ. ಲೇಖಕನು ತಾನು ಕಂಡುದನ್ನು ಕಂಡಂತೆಯೇ ಹೇಳಬೇಕು. ಪರರಿಂದ ಪಡೆದುದನ್ನು ಪರರದೆಂದೇ ಹೇಳಬೇಕು. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು. ಪರಿಶೀಲಕನು ತನ್ನ ಕೈಗೆ ಬಂದ ಅಪ್ರಕಟಿತ ಲೇಖನವನ್ನು ಗೋಪ್ಯವಾಗಿಡಬೇಕು. ಅದರಲ್ಲಿಯ ವಿಚಾರವನ್ನು ಸ್ವಂತಕ್ಕೆ ಬಳಸಬಾರದು. ಲೇಖಕನೊಡನೆ ಸ್ನೇಹವಾಗಲಿ ವೈರವಾಗಲಿ ಇದ್ದಲ್ಲಿ ಅದನ್ನು ಮೊದಲೇ ತಿಳಿಸಬೇಕು. ಸಂಪಾದಕನು ಲೇಖಕನ ಹೆಸರನ್ನಾಗಲಿ ಪದವಿಯನ್ನಾಗಲಿ ನೋಡದೆ ಲೇಖನದ ಗುಣವನ್ನು ನೋಡಿ ನಿರ್ಣಯಿಸಬೇಕು; ಅಚ್ಚಾದುದು ತಪ್ಪೆಂದು ತಿಳಿದಾಗ ಅದನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕು. ಇವನ್ನು ಹೇಳುವುದು ಸುಲಭ. ಪಾಲಿಸದಿದ್ದಲ್ಲಿ ಆಗುವ ಹಾನಿಯ ಪ್ರಮಾಣವು ಉದಾಹರಣೆಯಿಂದಲೇ ಮನವರಿಕೆಯಾಗತಕ್ಕದ್ದು.

೨

ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಪಂಜಾಬ್ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ವಿಶ್ವಜಿತ್ ಗುಪ್ತ ಅವರು ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಲೇಖನಗಳನ್ನು ಪ್ರಕಟಿಸಿದರು. ೧೯೮೯ರಲ್ಲಿ ಆಸ್ಟ್ರೇಲಿಯದ ವಿದ್ವಾಂಸ ಜಾನ್ ಟ್ಯಾಲೆಂಟ್ ಅವರು 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದು, ಆ ಪಳೆಯುಳಿಕೆಗಳಲ್ಲಿ ಅನೇಕವು ಹಿಮಾಲಯದಲ್ಲಿ ದೊರೆತವುಗಳಾಗಿರುವುದು ಸಾಧ್ಯವಿಲ್ಲವೆಂದು ವಾದಿಸಿದರು. ಕೆಲವು ಮಾದರಿಗಳು ಮೊರಾಕ್ಕೊ ದೇಶದಲ್ಲಿ ದೊರೆಯುವಂಥವು. ಇನ್ನು ಕೆಲವು ಸೂಕ್ಷ್ಮ ದಂತಾಕಾರದ ಪಳೆಯುಳಿಕೆಗಳು ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಒಂದು ಪ್ರಸಿದ್ಧ ನೆಲೆಯವುಗಳನ್ನು ಹೋಲುವಂಥವು. ದೊರೆತ ಸ್ಥಳಗಳ ವರ್ಣನೆಯೋ, ಬೇರೊಬ್ಬರು ಹೋಗಿ ಹುಡುಕಲಾರದಷ್ಟು ಅಸ್ಪಷ್ಟವಾಗಿತ್ತು. ಗುಪ್ತ ಅವರು ಆರೋಪವನ್ನು ಅಲ್ಲಗಳೆದರು. ವಿಶ್ವವಿದ್ಯಾನಿಲಯದ ವಿಚಾರಣೆಯಲ್ಲಿ ಅವರು ತಪ್ಪಿತಸ್ಥರೆಂದು ನಿರ್ಣಯವಾಯಿತಾದರೂ, ಅವರು ನಿವೃತ್ತಿಯವರೆಗೆ ಸೇವೆಯಲ್ಲಿಯೇ ಮುಂದುವರಿದರು.

ಇದರಿಂದಾದ ಹಾನಿ ಯಾವುದು? ಪಳೆಯುಳಿಕೆಗಳು ಶಿಲಾಸ್ತರಗಳ ಕಾಲವನ್ನು ನಿರ್ಣಯಿಸುವ ಸಾಧನಗಳು. ಒಂದು ಸ್ತರದಲ್ಲಿ ಇಲ್ಲದ ಪಳೆಯುಳಿಕೆಯನ್ನು ಇದೆಯೆಂದು ಹೇಳಿದರೆ, ಆ ಸ್ತರದ ಕಾಲವೂ, ಪಕ್ಕದ ಪ್ರದೇಶಗಳೊಡನೆ ಅದಕ್ಕಿರುವ ಸಂಬಂಧವೂ, ಪ್ರಾಚೀನ ಸಮುದ್ರಗಳ ಎಲ್ಲೆಯೂ ತಪ್ಪಾಗಿ ಗ್ರಹಿಸಲ್ಪಡುತ್ತವೆ. ಅದನ್ನು ನಂಬಿ ಬರೆದ ಪ್ರಾಮಾಣಿಕನ ಲೇಖನವೂ ತಪ್ಪಾಗುತ್ತದೆ. ಹಿಮಾಲಯದ ಭೂರಚನೆಯನ್ನು ಅಭ್ಯಾಸಮಾಡುವವರು ಆ ರಾಶಿಯಲ್ಲಿ ನಂಬತಕ್ಕುದು ಯಾವುದು, ಬಿಡತಕ್ಕುದು ಯಾವುದು ಎಂದು ಬೇರ್ಪಡಿಸುವ ಕಷ್ಟಕ್ಕೆ ಒಳಗಾದರು.

ಇನ್ನೊಂದು ಅಂಶವು ನಮಗೆ ಹೆಚ್ಚು ಬೋಧಪ್ರದವಾಗಿದೆ. ಈ ಲೇಖನಗಳಲ್ಲಿ ಅನೇಕವು ದೇಶವಿದೇಶಗಳ ತಜ್ಞರೊಡನೆ ಸೇರಿ ಬರೆದವು. ಅಂಥ ತಜ್ಞರು ತಮಗೆ ಕೊಟ್ಟ ಮಾದರಿಯನ್ನು ಪ್ರಾಮಾಣಿಕವಾಗಿಯೇ ಗುರುತಿಸಿದ್ದರು; ಅದು ಎಲ್ಲಿ ದೊರೆಯಿತೆಂಬುದನ್ನು ಮಾತ್ರ ವಿಶ್ವಾಸದಿಂದ ಒಪ್ಪಿಕೊಂಡಿದ್ದರು. ಆದರೆ ಲೇಖನವು ಅವರ ಹೆಸರಿನ ಬಲವನ್ನೂ ಪಡೆದುಕೊಂಡಿತು. ಹೆಸರು ಸೇರಿಸುವುದೆಂದರೆ ಸಾಕ್ಷಿ ಹೇಳಿದಂತೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಲೇಖಕನೆನಿಸಿಕೊಳ್ಳಲು ನಾಲ್ಕು ನಿಬಂಧನೆಗಳನ್ನು ವಿಧಿಸಿದೆ: ಕೆಲಸದಲ್ಲಿ ಗಣನೀಯ ಪಾಲು, ಬರೆವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಮತ್ತು ಒಟ್ಟು ಕೃತಿಗೆ ಉತ್ತರವಾದಿಯಾಗುವ ಸಿದ್ಧತೆ. ಈ ನಾಲ್ಕನ್ನೂ ಪೂರೈಸಿದವನೇ ಲೇಖಕನು. ವಿಭಾಗದ ಮುಖ್ಯಸ್ಥರೆಂಬ ಗೌರವಕ್ಕಾಗಿ ಹೆಸರು ಸೇರಿಸುವುದೂ, ದುಡಿದ ವಿದ್ಯಾರ್ಥಿಯ ಹೆಸರನ್ನು ಬಿಡುವುದೂ ಈ ದೃಷ್ಟಿಯಲ್ಲಿ ಸಮಾನ ದೋಷಗಳು.

೩

ತಪ್ಪು ಅಚ್ಚಾದಮೇಲೆ ಅದನ್ನು ತಿದ್ದುವ ಬಗೆ ಯಾವುದು? ಸಣ್ಣ ತಪ್ಪಿಗೆ ತಿದ್ದುಪಡಿ ಸಾಕು. ಲೇಖನದ ಆಧಾರವೇ ಕುಸಿದಿದ್ದರೆ ಪತ್ರಿಕೆಯು ಅದನ್ನು ಹಿಂತೆಗೆದುಕೊಳ್ಳುತ್ತದೆ. ಎಂದರೆ, ಲೇಖನವನ್ನು ಕಡತದಿಂದ ಅಳಿಸದೆ, ಇದು ನಂಬಲರ್ಹವಲ್ಲವೆಂಬ ಪ್ರಕಟಣೆಯನ್ನು ಕಾರಣಸಹಿತವಾಗಿ ಅದಕ್ಕೆ ಲಗತ್ತಿಸುತ್ತದೆ. ಇಂಥ ವಿಷಯಗಳಲ್ಲಿ ಪರಸ್ಪರ ಸಲಹೆಗಾಗಿಯೇ ೧೯೯೭ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಸಂಪಾದಕರು ಪ್ರಕಟಣನೀತಿಯ ಸಮಿತಿಯೊಂದನ್ನು ಸ್ಥಾಪಿಸಿದರು. ಇಂದು ಎಲ್ಲ ಶಾಸ್ತ್ರಗಳ ಪತ್ರಿಕೆಗಳೂ ಅದರ ಸೂತ್ರಗಳನ್ನು ಅನುಸರಿಸುತ್ತಿವೆ. ಹಿಂತೆಗೆತವು ತಡವಾದರೆ ಏನಾಗುತ್ತದೆಂಬುದಕ್ಕೆ 'ಲ್ಯಾನ್ಸೆಟ್' ಪತ್ರಿಕೆಯ ಪ್ರಸಂಗವು ನಿದರ್ಶನ. ದಡಾರ ಮೊದಲಾದ ರೋಗಗಳಿಗೆ ಮಕ್ಕಳಿಗೆ ಹಾಕುವ ಲಸಿಕೆಯನ್ನು ಆಟಿಸಂ ಎಂಬ ಸ್ಥಿತಿಯೊಡನೆ ಗಂಟುಹಾಕಿದ, ಕೇವಲ ೧೨ ಮಕ್ಕಳನ್ನು ಕುರಿತ ಲೇಖನವೊಂದು ೧೯೯೮ರಲ್ಲಿ ಅದರಲ್ಲಿ ಅಚ್ಚಾಯಿತು. ಅದು ಪೂರ್ಣವಾಗಿ ಹಿಂತೆಗೆಯಲ್ಪಟ್ಟುದು ೨೦೧೦ರಲ್ಲಿ. ನಡುವಣ ೧೨ ವರ್ಷಗಳಲ್ಲಿ ಅನೇಕ ತಾಯಿತಂದೆಯರು ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸದೆ ಉಳಿದರು.

ಪರಿಶೀಲನೆಯೇ ಇಲ್ಲದ ಪತ್ರಿಕೆಗಳದು ಬೇರೆಯೇ ಬಗೆಯ ಕೇಡು. ೨೦೧೩ರಲ್ಲಿ 'ಸೈನ್ಸ್' ಪತ್ರಿಕೆಯ ಪರವಾಗಿ ಜಾನ್ ಬೊಹಾನನ್ ಎಂಬುವರು, ಬೇಕೆಂದೇ ಘೋರ ದೋಷಗಳನ್ನಿರಿಸಿದ ಲೇಖನವೊಂದನ್ನು ಕಲ್ಪಿತ ಹೆಸರುಗಳಲ್ಲಿ ೩೦೪ ಪತ್ರಿಕೆಗಳಿಗೆ ಕಳುಹಿಸಿದರು. ೧೫೭ ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಇವೆಲ್ಲ ಲೇಖಕರಿಂದ ಶುಲ್ಕ ಪಡೆದು ಓದುಗರಿಗೆ ಉಚಿತವಾಗಿ ಒದಗಿಸುವ ಬಗೆಯವು. ಶುಲ್ಕ ಪಡೆಯುವುದೇ ದೋಷವಲ್ಲ. ಪರಿಶೀಲಿಸದೆ ಪರಿಶೀಲಿಸಿದೆವೆಂದು ಹೇಳುವುದು ದೋಷ.

೪

ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಈ ಕೇಡನ್ನು ತಡೆಯಲು ಯತ್ನಿಸಿದೆ. ೨೦೧೮ರಲ್ಲಿ ಅದು ತನ್ನ ಅಂಗೀಕೃತ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ತೆಗೆದುಹಾಕಿತು. ೨೦೧೯ರಲ್ಲಿ ಹೊಸದೊಂದು ಪಟ್ಟಿ ಬಂದಿತು. ೨೦೨೫ರಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಯೋಗ್ಯತೆಯನ್ನು ನಿರ್ಣಯಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೇ ಬಿಡಲಾಯಿತು. ಕೃತಿಚೌರ್ಯದ ಬಗ್ಗೆ ೨೦೧೮ರ ನಿಯಮಗಳು ಶೇಕಡಾ ೧೦ರವರೆಗಿನ ಹೋಲಿಕೆಗೆ ದಂಡನೆಯಿಲ್ಲವೆಂದೂ, ಅದಕ್ಕೆ ಮೇಲ್ಪಟ್ಟು ಶೇಕಡಾ ೪೦, ೬೦ ಎಂಬ ಎಲ್ಲೆಗಳಂತೆ ದಂಡನೆ ಏರುವುದೆಂದೂ ವಿಧಿಸಿವೆ.

ಈ ಅಳತೆ ಉಪಯುಕ್ತವೇ. ಆದರೆ ಅದು ಅಳೆಯುವುದು ಮಾತುಗಳ ಹೋಲಿಕೆಯನ್ನು ಮಾತ್ರ. ಪರರ ವಿಚಾರವನ್ನು ತನ್ನ ಮಾತಿನಲ್ಲಿ ಬರೆದು ಋಣವನ್ನು ಮುಚ್ಚಿಟ್ಟವನು ಅದರಲ್ಲಿ ಸಿಕ್ಕಿಬೀಳುವುದಿಲ್ಲ. ಇಲ್ಲದ ಸ್ಥಳದಲ್ಲಿ ಪಳೆಯುಳಿಕೆ ದೊರೆಯಿತೆಂದು ಸ್ವಂತ ವಾಕ್ಯಗಳಲ್ಲಿ ಬರೆದವನೂ ಸಿಕ್ಕಿಬೀಳುವುದಿಲ್ಲ. ಪಟ್ಟಿಯೂ ಶೇಕಡಾ ಲೆಕ್ಕವೂ ವಿವೇಚನೆಗೆ ಸಹಾಯಕಗಳೇ ಹೊರತು ವಿವೇಚನೆಗೆ ಬದಲಾಗಲಾರವು.

ಹಾಗಾದರೆ ನಾವು ಮಾಡತಕ್ಕುದೇನು? ವಿದ್ಯಾರ್ಥಿಯು ತನ್ನ ದತ್ತಾಂಶಗಳನ್ನೂ ಆಕರಗಳನ್ನೂ ಬೇರೊಬ್ಬರು ಹೋಗಿ ಹುಡುಕಬಹುದಾದಷ್ಟು ಸ್ಪಷ್ಟವಾಗಿ ದಾಖಲಿಸಿಡಲಿ. ತಾನು ಆಧಾರವಾಗಿ ಹಿಡಿದ ಲೇಖನವು ಹಿಂತೆಗೆಯಲ್ಪಟ್ಟಿದೆಯೇ ಎಂದು ವಿಚಾರಿಸಲಿ. ಅಧ್ಯಾಪಕರು ತಾವು ಓದದ, ಉತ್ತರ ಹೇಳಲಾಗದ ಲೇಖನಕ್ಕೆ ಹೆಸರು ಕೊಡದಿರಲಿ. ಸಂಸ್ಥೆಗಳು ಲೇಖನಗಳನ್ನು ಎಣಿಸುವುದಕ್ಕೆ ಮೊದಲು ಅವುಗಳನ್ನು ಓದಲಿ. ಟ್ಯಾಲೆಂಟ್ ಅವರ ಲೇಖನ ಹೊರಬರುವ ಮುಂಚೆ ಇಪ್ಪತ್ತೈದು ವರ್ಷ ಅಷ್ಟೊಂದು ಪತ್ರಿಕೆಗಳು ಅದೇ ಲೇಖಕರ ಬರಹಗಳನ್ನು ಅಚ್ಚುಹಾಕಿದ್ದವು. 'ಇದು ಎಲ್ಲಿ ದೊರೆಯಿತು, ತೋರಿಸಿ' ಎಂಬ ಒಂದು ಪ್ರಶ್ನೆ ಮೊದಲಲ್ಲಿಯೇ ಬಂದಿದ್ದರೆ ಉಳಿದುದೆಲ್ಲವೂ ತಪ್ಪುತ್ತಿತ್ತು. ಆ ಪ್ರಶ್ನೆಯನ್ನು ಕೇಳುವುದು ಅವಿಶ್ವಾಸವಲ್ಲ. ಕೇಳಿದಾಗ ಸಂತೋಷದಿಂದ ಉತ್ತರಿಸುವುದೇ ವಿದ್ವಾಂಸನ ಲಕ್ಷಣವೆಂದು ನಾವು ಭಾವಿಸುತ್ತೇವೆ.